ಮಹಾನವಮಿಯ ಮಲ್ಲರಂಗವೂ ಓಟದ ಪಂದ್ಯದ ನ್ಯಾಯವೂ

ಹಂಪೆಯ ಮಹಾನವಮಿ ದಿಬ್ಬದ ಎದುರಿಗೆ ನಿಂತು ಸುತ್ತಣ ಬಯಲನ್ನು ನೋಡುವವರಿಗೆ ಗ್ರೀಸಿನ ಒಲಿಂಪಿಯಾದ ನೆನಪಾಗುವುದು ಸಹಜ. ಅಲ್ಲಿಯೂ ದೇವತೋತ್ಸವ, ಇಲ್ಲಿಯೂ ದೇವತೋತ್ಸವ. ಅಲ್ಲಿಯೂ ದೇಹಬಲದ ಪರೀಕ್ಷೆ, ಇಲ್ಲಿಯೂ ಅದೇ. ಆದರೆ ಹೋಲಿಕೆಯು ಮನೋಹರವಾದ ಮಾತ್ರಕ್ಕೆ ಪ್ರಮಾಣವಾಗಲಾರದು. ಒಲಿಂಪಿಯಾದಲ್ಲಿ ಸುಮಾರು 192 ಮೀಟರು ಉದ್ದದ ಓಟದ ಪಥವಿದ್ದಿತು. ಅದರ ಎರಡು ತುದಿಗಳಲ್ಲಿ ಓಟಗಾರರು ಕಾಲೂರಿ ನಿಲ್ಲುತ್ತಿದ್ದ ಕಲ್ಲಿನ ಹಾಸುಗಳು ಇಂದಿಗೂ ಉಳಿದಿವೆ. ವಿಜಯನಗರದ ಉತ್ಸವವನ್ನು ಕಣ್ಣಾರೆ ಕಂಡು ವಿಸ್ತಾರವಾಗಿ ಬರೆದ ಪೋರ್ಚುಗೀಸರಾದರೋ ಕಾಲೋಟದ ಪಂದ್ಯವನ್ನು ವರ್ಣಿಸಿಲ್ಲ. ಅವರು ವರ್ಣಿಸಿರುವುದು ಮಲ್ಲಯುದ್ಧವನ್ನು. ಹೀಗಿರುವಲ್ಲಿ ಓಟದ ಪಂದ್ಯದ ಚರಿತ್ರೆಯನ್ನು ಬರೆಯುವವನಿಗೆ ಹಂಪೆಯಲ್ಲಿ ಏನು ದೊರೆಯುವುದೆಂಬ ಪ್ರಶ್ನೆ ಹುಟ್ಟುತ್ತದೆ. ದೊರೆಯುವುದು ಓಟವಲ್ಲ, ಓಟವನ್ನು ಪಂದ್ಯವನ್ನಾಗಿ ಮಾಡುವ ನ್ಯಾಯ ಎಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

1

ಮೊದಲು ಆಧಾರಗಳನ್ನು ನೋಡೋಣ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಿಂದ 1522ರೊಳಗೆ, ಡೊಮಿಂಗೋ ಪೇಸ್ ಎಂಬಾತನು ವಿಜಯನಗರವನ್ನು ಕಂಡನು. ಫರ್ನಾವೋ ನೂನಿಜ್ ಎಂಬ ಕುದುರೆಯ ವ್ಯಾಪಾರಿಯು ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರ ಹೊತ್ತಿಗೆ, ತನ್ನ ವೃತ್ತಾಂತವನ್ನು ಬರೆದನು. ಇವೆರಡನ್ನೂ ರಾಬರ್ಟ್ ಸ್ಯೂವೆಲ್ ಇಂಗ್ಲಿಷಿಗೆ ಪರಿವರ್ತಿಸಿ 1900ರಲ್ಲಿ ಪ್ರಕಟಿಸಿದ ಮೇಲೆ ನಮ್ಮ ವಿದ್ವಾಂಸರಿಗೆ ಅವು ಸುಲಭವಾಗಿ ದೊರೆತವು. ಇವರಿಗಿಂತ ಮೊದಲು, 1443ರಲ್ಲಿ, ಪಾರಸಿಕ ರಾಯಭಾರಿಯಾದ ಅಬ್ದುರ್ ರಜಾಕನು ಇದೇ ನಗರದಲ್ಲಿ ಮಹಾನವಮಿಯ ವೈಭವವನ್ನು ಕಂಡಿದ್ದನು.

ಪೇಸನ ವರ್ಣನೆಯಲ್ಲಿ ರಾಯನ ದಿನಚರಿಯೇ ಒಂದು ಗರಡಿಯ ದಿನಚರಿಯಂತಿದೆ. ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಅದನ್ನೇ ಮೈಗೆ ಪೂಸಿಕೊಂಡು, ಮಣ್ಣಿನ ಭಾರಗಳನ್ನು ತೋಳುಗಳಲ್ಲಿ ಎತ್ತಿ, ಬಳಿಕ ಕತ್ತಿಯನ್ನು ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೂ ಸಾಧನೆಮಾಡಿ, ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿಮಾಡಿ, ಆಮೇಲೆ ಕುದುರೆಯನ್ನೇರಿ ಬಯಲಿನಲ್ಲಿ ಓಡಿಸುತ್ತಿದ್ದನೆಂದು ಆತನು ಹೇಳುತ್ತಾನೆ. ದೊರೆಯೇ ಇಂಥ ಸಾಧಕನಾಗಿದ್ದ ಮೇಲೆ ಉತ್ಸವದಲ್ಲಿ ಮಲ್ಲರಿಗೆ ಮುಖ್ಯಸ್ಥಾನವಿದ್ದುದು ಆಶ್ಚರ್ಯವಲ್ಲ.

ಇನ್ನು ಉತ್ಸವದ ಮಲ್ಲಯುದ್ಧ. ಹೊಡೆತಗಳ ರಭಸಕ್ಕೆ ಹಲ್ಲು ಮುರಿಯುವುದು, ಕಣ್ಣು ಹೋಗುವುದು, ಮುಖ ವಿಕಾರವಾಗುವುದು, ಮಾತು ನಿಂತವನನ್ನು ಗೆಳೆಯರು ಹೊತ್ತುಕೊಂಡು ಹೋಗುವುದು — ಇವನ್ನೆಲ್ಲ ಹೇಳಿದ ಪೇಸನು ಅದೇ ಉಸಿರಿನಲ್ಲಿ ಬೇರೊಂದು ಸಂಗತಿಯನ್ನು ತಿಳಿಸುತ್ತಾನೆ. ಈ ಮಲ್ಲರಿಗೆ ನಾಯಕರೂ ನಿರ್ಣಾಯಕರೂ ಇದ್ದರು. ಕಣದಲ್ಲಿ ಪ್ರತಿಯೊಬ್ಬನನ್ನೂ ಸರಿಸಮವಾದ ಸ್ಥಿತಿಯಲ್ಲಿ ನಿಲ್ಲಿಸುವುದು ಅವರ ಒಂದು ಕೆಲಸ, ಗೆದ್ದವನಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸುವುದು ಮತ್ತೊಂದು. ಓದುವವರ ಗಮನವು ಮುರಿದ ಹಲ್ಲುಗಳ ಕಡೆಗೇ ಹೋಗುವುದರಿಂದ ಈ ಮಾತು ಹಿಂದೆ ಬಿದ್ದಿದೆ. ಆದರೆ ಪಂದ್ಯದ ಚರಿತ್ರೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಮಾತು ಆ ವೃತ್ತಾಂತದಲ್ಲಿ ಇನ್ನೊಂದಿಲ್ಲ. ಇದರಿಂದ ವ್ಯಕ್ತವಾಗುವುದೇನೆಂದರೆ, ಆರಂಭದ ಸಮತೆ ಮತ್ತು ಅಂತ್ಯದ ನಿರ್ಣಯ ಇವೆರಡೂ ಹೋರುವವರ ಕೈಯಲ್ಲಿರಬಾರದು, ಮೂರನೆಯವನ ಕೈಯಲ್ಲಿರಬೇಕು ಎಂಬ ತತ್ತ್ವವು 1520ರ ಹೊತ್ತಿಗೆ ನಮ್ಮ ನಾಡಿನ ಕಣದಲ್ಲಿ ಆಚರಣೆಯಲ್ಲಿದ್ದಿತು. ಬಲವುಳ್ಳವರಿಬ್ಬರು ಹೊಡೆದಾಡಿದರೆ ಅದು ಜಗಳ. ಅವರನ್ನು ಸಮಸ್ಥಿತಿಯಲ್ಲಿ ನಿಲ್ಲಿಸುವವನೊಬ್ಬನಿದ್ದರೆ ಅದು ಪಂದ್ಯ.

2

ಗೆಲುವೆಂದರೇನು ಎಂಬುದು ಆದಿಯಿಂದಲೂ ನಿರ್ವಿವಾದವಾಗಿರಲಿಲ್ಲ. ನೂನಿಜನು ಹೇಳುವಂತೆ ಉತ್ಸವಕ್ಕಾಗಿ ರಾಯನಲ್ಲಿ ಸಾವಿರ ಜಟ್ಟಿಗಳಿದ್ದರು. ಅವರಿಗೆ ಒಬ್ಬ ನಾಯಕನಿದ್ದನು. ರಾಜ್ಯದಲ್ಲಿ ಬೇರಾವ ಊಳಿಗವೂ ಅವರಿಗಿರಲಿಲ್ಲ. ಮೊನೆಗಳುಳ್ಳ ಬಳೆಯಂಥ ಆಯುಧವನ್ನು ಕೈಯಲ್ಲಿ ಹಿಡಿದು ಅವರು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು. ಹೆಚ್ಚು ಗಾಯಗೊಂಡವನು ಹೋಗಿ ರಾಯನಿಂದ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನು. ಇದು ವಜ್ರಮುಷ್ಟಿಯ ಕಾಳಗವೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿಯಲ್ಲಿ ಮೊದಲ ರಕ್ತ ಕಂಡೊಡನೆ ಕಾಳಗ ಮುಗಿಯುವುದು ವಾಡಿಕೆ.

ಹೀಗೆ ಒಂದೇ ಸಂಪ್ರದಾಯದಲ್ಲಿ ಮೂರು ಬಗೆಯ ಅಂತ್ಯಗಳು ಕಾಣುತ್ತವೆ. ಪೇಸನಲ್ಲಿ ಗೆದ್ದವನಿಗೆ ಮನ್ನಣೆ. ನೂನಿಜನಲ್ಲಿ ನೊಂದವನಿಗೆ ವಸ್ತ್ರ. ಮೈಸೂರಿನಲ್ಲಿ ರಕ್ತದರ್ಶನವೇ ಸಮಾಪ್ತಿ. ಇವುಗಳಲ್ಲಿ ಯಾವುದು ಸರಿಯೆಂಬುದು ನಮ್ಮ ಪ್ರಶ್ನೆಯಲ್ಲ. ಪಂದ್ಯದ ಕೊನೆಯು ಪ್ರಕೃತಿಯಿಂದ ಬರುವುದಲ್ಲ, ನಿಯಮದಿಂದ ಬರುವುದು ಎಂಬುದೇ ಇಲ್ಲಿ ಗ್ರಾಹ್ಯವಾದ ಅಂಶ. ಓಟದಲ್ಲಿಯೂ ಹಾಗೆಯೇ. ಮೊದಲು ಗೆರೆಯನ್ನು ಮುಟ್ಟಬೇಕಾದುದು ಕೈಯೋ ಕಾಲೋ ತಲೆಯೋ ಎಂದು ಯಾರೋ ನಿಶ್ಚಯಿಸಲೇಬೇಕು. ಇಂದಿನ ನಿಯಮವು ಮುಂಡವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ; ತಲೆ, ಕತ್ತು, ಕೈಕಾಲುಗಳು ಲೆಕ್ಕಕ್ಕಿಲ್ಲ.

ನೂನಿಜನ ಬರವಣಿಗೆಯಲ್ಲಿ ಇನ್ನೊಂದು ಮಾತುಂಟು: ರಾಯನ ಅರಮನೆಯಲ್ಲಿ ಕುಸ್ತಿಮಾಡುವ ಸ್ತ್ರೀಯರೂ ಇದ್ದರು. ಈಗಿನ ಒಲಿಂಪಿಕ್ ಕೂಟಗಳಲ್ಲಿ ಓಟ, ನೆಗೆತ, ಎಸೆತಗಳ ಕಣಕ್ಕೆ ಸ್ತ್ರೀಯರಿಗೆ ಪ್ರವೇಶ ದೊರೆತುದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಅದೂ ಐದೇ ಸ್ಪರ್ಧೆಗಳಿಗೆ. ಅರಮನೆಯ ಮಲ್ಲಿಯರಿಂದ ಸರ್ವಸಮಾನತೆಯನ್ನು ಊಹಿಸುವುದು ಅತಿಯಾದೀತು. ಅವರು ರಾಯನ ಪರಿವಾರಕ್ಕೆ ಸೇರಿದವರು. ಆದರೂ ಕಣವು ಪುರುಷರಿಗೇ ಮೀಸಲೆಂಬ ನಂಬಿಕೆಗೆ ನಮ್ಮ ಪೂರ್ವಚರಿತ್ರೆಯ ಬೆಂಬಲವಿಲ್ಲವೆಂದು ಹೇಳಲು ಅಡ್ಡಿಯಿಲ್ಲ.

3

ಹಾಗಾದರೆ ಓಟವೇ ಇರಲಿಲ್ಲವೋ? ಇದ್ದಿತು, ಆದರೆ ಬೇರೆ ರೂಪಗಳಲ್ಲಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದ ವಿನೋದಪ್ರಕರಣಗಳಲ್ಲಿ ಅಂಕವಿನೋದ, ಮಲ್ಲವಿನೋದಗಳ ಜೊತೆಗೆ ಗಜವಾಹ್ಯಾಳಿಯೂ ತುರಗವಾಹ್ಯಾಳಿಯೂ ಇವೆ. ಗಜವಾಹ್ಯಾಳಿಗೆ ಕಲ್ಲುಮುಳ್ಳುಗಳಿಲ್ಲದ ಸಮತಟ್ಟಾದ ನೆಲವನ್ನು ಸಿದ್ಧಪಡಿಸುತ್ತಿದ್ದರು. ಅಲ್ಲಿ ಆನೆಯ ಮುಂದೆ ಓಡುವುದಕ್ಕೆ ನುರಿತ ಓಟಗಾರರಿರುತ್ತಿದ್ದರು. ಇಲ್ಲಿ ನೆಲದ ಸಿದ್ಧತೆಯಿದೆ, ಓಟವಿದೆ, ಪ್ರೇಕ್ಷಕನಾಗಿ ದೊರೆಯಿದ್ದಾನೆ. ಆದರೆ ಮನುಷ್ಯನಿಗೂ ಆನೆಗೂ ಸಮಸ್ಥಿತಿಯೆಲ್ಲಿ? ಆದುದರಿಂದ ಇದು ವಿನೋದವೇ ಹೊರತು ಪಂದ್ಯವಲ್ಲ.

ಬಯಲುಸೀಮೆಯ ಹಳ್ಳಿಗಳಲ್ಲಿ ಜ್ಯೇಷ್ಠ ಶುದ್ಧ ಹುಣ್ಣಿಮೆಯಂದು, ಎಂದರೆ ಕಾರಹುಣ್ಣಿಮೆಯ ಸಂಜೆ, ನಡೆಯುವ ಕರಿ ಹರಿಯುವ ಆಚರಣೆಯು ಪಂದ್ಯಕ್ಕೆ ಇನ್ನೂ ಸಮೀಪವಾದುದು. ಸಿಂಗರಿಸಿದ ಎತ್ತುಗಳನ್ನು ಓಡಿಸುತ್ತಾರೆ; ಊರಬಾಗಿಲಲ್ಲಿ ತಳಿರು ಕಟ್ಟಿದ ಹಗ್ಗವನ್ನು ಅಡ್ಡಲಾಗಿ ಹಿಡಿದಿರುತ್ತಾರೆ; ಯಾವ ಎತ್ತು ಮೊದಲು ಬಂದು ಅದನ್ನು ಹರಿಯುವುದೋ ಅದೇ ಗೆದ್ದ ಎತ್ತು. ಓಟದ ಕೊನೆಯಲ್ಲಿ ದಾರವನ್ನು ಹಿಡಿಯುವ ಪದ್ಧತಿಯನ್ನು ಇಂಗ್ಲೆಂಡಿನಿಂದ ಕಲಿತೆವೆಂದು ಭಾವಿಸುವವರು ಈ ಕರಿಯನ್ನು ನೆನೆಯಬೇಕು. ಗೆದ್ದ ಎತ್ತಿನ ಬಣ್ಣವನ್ನು ನೋಡಿ ರೈತರು ಆ ವರ್ಷ ಮುಂಗಾರಿ ಬೆಳೆ ಚೆನ್ನಾಗುವುದೋ ಹಿಂಗಾರಿಯೋ ಎಂದು ಶಕುನ ಹೇಳುತ್ತಾರೆ.

ಈ ಶಕುನದ ಅಂಶವನ್ನು ಮರೆಯಲಾಗದು. ಏಕೆಂದರೆ ಅರಮನೆಯಲ್ಲಿಯೂ ಇಂಥದೇ ಒಂದು ಆಚಾರವಿದ್ದಿತು. ಮಹಾನವಮಿಯ ಬಳಿಕ ರಾಯನು ಸೈನ್ಯವನ್ನು ಪರಿಶೀಲಿಸುವಾಗ ಮೂರು ಬಾಣಗಳನ್ನು ಬಿಡುತ್ತಿದ್ದನೆಂದೂ, ಅವು ಬಿಜಾಪುರದ ಆದಿಲಶಾಹನಿಗೆ ಒಂದು, ಗೋಲ್ಕೊಂಡದ ಸುಲ್ತಾನನಿಗೆ ಒಂದು, ಪೋರ್ಚುಗೀಸರಿಗೆ ಒಂದು ಎಂದೂ, ಯಾವ ದಿಕ್ಕಿನ ಬಾಣವು ಅತಿ ದೂರ ಹೋಗುವುದೋ ಆ ಕಡೆಗೆ ದಂಡೆತ್ತಿ ಹೋಗುವುದು ಪದ್ಧತಿಯೆಂದೂ ಪೇಸನು ಬರೆದಿದ್ದಾನೆ. ಎಸೆತದ ಸ್ಪರ್ಧೆಯಲ್ಲಿ ಇಂದು ಮಾಡುವಂತೆಯೇ ಇಲ್ಲಿಯೂ ದೂರವನ್ನು ದೂರದೊಡನೆ ಹೋಲಿಸಿ ನೋಡುತ್ತಿದ್ದರು. ಆದರೆ ದೊರೆತ ಫಲವನ್ನು ಓದುತ್ತಿದ್ದ ರೀತಿ ಬೇರೆ. ಹೊಲದಲ್ಲಿ ಎತ್ತಿನ ಗೆಲುವು ಮುಂಬರುವ ಬೆಳೆಯನ್ನು ಹೇಳುತ್ತದೆ. ಅರಮನೆಯಲ್ಲಿ ಬಾಣದ ದೂರವು ಮುಂಬರುವ ಯುದ್ಧವನ್ನು ಹೇಳುತ್ತದೆ. ಈಗಿನ ಕ್ರೀಡಾಂಗಣದಲ್ಲಿ ಇಷ್ಟು ಸೆಕೆಂಡು, ಇಷ್ಟು ಮೀಟರು ಎಂಬುದು ಮುಂದಿನದನ್ನು ಹೇಳುವುದಿಲ್ಲ; ಹಿಂದಿನವರೆಲ್ಲರ ಸಾಧನೆಯೊಡನೆ ತಾಳೆ ನೋಡುವುದಕ್ಕೆ ಬರುತ್ತದೆ. ಶಕುನವು ದಾಖಲೆಯಾಯಿತು, ಹಳೆಯ ಓಟಕ್ಕೂ ಹೊಸ ಓಟಕ್ಕೂ ಇರುವ ಮುಖ್ಯ ಭೇದವಿದು.

4

ಈ ಭೇದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ, ಸಾಧನದ ಕೊರತೆ. ನೆಲವನ್ನು ಅಳೆಯುವ ವಿದ್ಯೆ ನಮ್ಮವರಿಗೆ ಚೆನ್ನಾಗಿ ಗೊತ್ತಿದ್ದಿತು. ದತ್ತಿಯ ಭೂಮಿಯನ್ನು ಇಂಥ ಕೋಲಿನಿಂದ ಅಳೆದು ಕೊಟ್ಟರೆಂದು ಶಾಸನಗಳು ಹೇಳುತ್ತವೆ. ನೇರವಾದ ಉದ್ದ ನೆಲಕ್ಕೂ ಕೊರತೆಯಿರಲಿಲ್ಲ; ವಿರೂಪಾಕ್ಷ ದೇವಾಲಯದ ಮುಂದಣ ತೇರುಬೀದಿಯೇ ಸುಮಾರು ಮುಕ್ಕಾಲು ಕಿಲೋಮೀಟರು ಉದ್ದವಿದೆ. ಇಲ್ಲದುದು ಕಾಲದ ಸೂಕ್ಷ್ಮಮಾಪನ. ಗಳಿಗೆಬಟ್ಟಲು ಒಮ್ಮೆ ಮುಳುಗಿದರೆ 24 ನಿಮಿಷ. ಅದರ ಅರುವತ್ತನೆಯ ಭಾಗವಾದ ವಿಗಳಿಗೆಗೆ 24 ಸೆಕೆಂಡು. ಜ್ಯೋತಿಷಿಗಳು ಎಣಿಸುವ ಪ್ರಾಣವೆಂಬ ಮಾನಕ್ಕೂ 4 ಸೆಕೆಂಡು. ನೂರು ಮೀಟರನ್ನು ಒಳ್ಳೆಯ ಓಟಗಾರನು ಹನ್ನೊಂದು ಸೆಕೆಂಡಿನೊಳಗೆ ಮುಗಿಸುತ್ತಾನೆ. ಪ್ರಾಣದ ಲೆಕ್ಕದಲ್ಲಿ ಮೂರೂ ಆಗದ ಕಾಲದಲ್ಲಿ ಇಬ್ಬರ ಅಂತರವನ್ನು ಹೇಳುವುದು ಅಸಾಧ್ಯ. ಆದುದರಿಂದ ಅಂದಿನ ನಿರ್ಣಾಯಕನು ಯಾರು ಮೊದಲೆಂದು ಹೇಳಬಲ್ಲವನಾಗಿದ್ದನೇ ಹೊರತು ಎಷ್ಟು ವೇಗವೆಂದು ಹೇಳಬಲ್ಲವನಾಗಿರಲಿಲ್ಲ.

ಸಾಲು ಓಟದ ವಿಷಯವೂ ಹೀಗೆಯೇ. ಹದಿನೇಳನೆಯ ಶತಮಾನದ ಉತ್ತರಭಾಗದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಸೇರಿದ ಅಂಚೆಯ ವ್ಯವಸ್ಥೆಯಲ್ಲಿ ಓಲೆಯ ಚೀಲವು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತ ಸಾಗುತ್ತಿದ್ದಿತು; ಆ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಇಂದಿನ ನಾಲ್ವರ ಸಾಲು ಓಟದಲ್ಲಿಯೂ ಕೋಲು ಕೈಯಿಂದ ಕೈಗೆ ದಾಟುತ್ತದೆ. ಆದರೆ ಅಂಚೆಯವನು ಎಲ್ಲಿ ಕೊಟ್ಟರೂ ಓಲೆ ತಲಪಿದರಾಯಿತು. ಓಟಗಾರನು 30 ಮೀಟರಿನ ಗೊತ್ತಾದ ವಲಯದೊಳಗೇ ಕೊಡಬೇಕು, ತಪ್ಪಿದರೆ ತಂಡವೇ ಪಂದ್ಯದಿಂದ ಹೊರಗೆ. ಕಾರ್ಯವು ಪಂದ್ಯವಾಗಬೇಕಾದರೆ ಎಲ್ಲೆ ಬೇಕು.

ಎಲ್ಲೆಯಿಲ್ಲದ ಆಟದಿಂದ ಏನಾದೀತೆಂಬುದಕ್ಕೆ ಕಂಪಲಿಯ ಸೀಮೆಯ ಕಥೆಯೇ ಸಾಕ್ಷಿ. ಕಂಪಿಲರಾಯನ ಮಗನಾದ ಕುಮಾರರಾಮನ ಚೆಂಡು ಆಟದ ನಡುವೆ ರತ್ನಾಜಿಯ ಅರಮನೆಗೆ ಹೋಗಿ ಬಿದ್ದುದರಿಂದಲೇ ಆ ವೀರನ ದುರಂತವು ಆರಂಭವಾಯಿತೆಂದು ನಂಜುಂಡಕವಿಯೇ ಮೊದಲಾದವರು ಹಾಡಿದ್ದಾರೆ. ಇತಿಹಾಸಜ್ಞರಿಗೆ 1327ರಲ್ಲಿ ಕಂಪಲಿಯ ರಾಜ್ಯವು ಅಳಿದುದು ದೆಹಲಿಯ ಸೈನ್ಯದಿಂದ. ಕವಿಗಳಿಗೆ ಅದರ ಬೀಜವು ಬಿದ್ದುದು ಚೆಂಡಿನ ಅಂಗಳದಲ್ಲಿ. ಆಟದ ನೆಲಕ್ಕೂ ಮನೆಯ ನೆಲಕ್ಕೂ ನಡುವೆ ಗೆರೆಯಿರಬೇಕೆಂಬ ತಿಳಿವು ಕಥೆಯ ಒಳಗೆ ಅಡಗಿದೆ.

5

ಹೊಸ ಬಗೆಯ ಓಟವು ನಮ್ಮ ನಾಡಿಗೆ ಬಂದ ಬಗೆಯನ್ನು ನೋಡಿದರೆ ಸಮಸ್ಥಿತಿಯ ಪ್ರಶ್ನೆಯೇ ಮತ್ತೆ ಎದುರಾಗುತ್ತದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ತಾತಾ ಅವರು ಅಲ್ಲಿಯ ಓಟಗಾರರ ಅಭ್ಯಾಸವನ್ನು ನೋಡಿದರು. ಓಡುತ್ತಿದ್ದವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ನೂರು ಗಜದ ಓಟವನ್ನು ಅವರು ತಿರುವಿನಲ್ಲಿ, ಒಬ್ಬೊಬ್ಬನ ಹಾದಿಯನ್ನು ಬೇರ್ಪಡಿಸುವ ದಾರಗಳಿಲ್ಲದೆ, ಓಡಲು ಹೊರಟಿದ್ದರು. ಹಾಗಿದ್ದರೂ ಅವರ ಓಟವು ಯುರೋಪಿನವರ ಓಟಕ್ಕೆ ಹೋಲಿಸತಕ್ಕದ್ದಾಗಿದೆಯೆಂದು ತಾತಾ ಅವರಿಗೆ ತೋರಿತು. ಈ ಅನುಭವದ ಫಲವಾಗಿ 1920ರಲ್ಲಿ ಆಂಟ್‌ವರ್ಪಿನ ಒಲಿಂಪಿಕ್ ಕೂಟಕ್ಕೆ ಒಂದು ತಂಡವು ಹೋಯಿತು. ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರು ಅಲ್ಲಿ 42.75 ಕಿಲೋಮೀಟರಿನ ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷಗಳಷ್ಟು ಕಾಲದಲ್ಲಿ ಮುಗಿಸಿ 19ನೆಯವರಾದರು. ಅದೇ 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಅವರು ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ವಿದ್ಯಾಲಯವನ್ನು ಸ್ಥಾಪಿಸಿದರು. ಬಳ್ಳಾರಿ ಜಿಲ್ಲೆಯು 1953ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ ಹೊಸಪೇಟೆ, ಕಂಪಲಿಗಳ ಪಾಲಿಗೆ ಇದು ತಮ್ಮದೇ ಪ್ರಾಂತದ ವಿದ್ಯಾಲಯವಾಗಿತ್ತು. ಸಂಡೂರು ಮಾತ್ರ 1949ರವರೆಗೂ ಘೋರ್ಪಡೆಯವರ ಸಂಸ್ಥಾನವಾಗಿ ಉಳಿದಿದ್ದಿತು.

ತಿರುವಿನಲ್ಲಿ ದಾರವಿಲ್ಲದ ಓಟದಲ್ಲಿ ದೋಷವೇನೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಈಗ ಪ್ರಮಾಣವೆಂದು ಒಪ್ಪಿರುವ ಓಟದ ಪಥದಲ್ಲಿ ಎರಡು ನೇರ ಭಾಗಗಳು ತಲಾ 84.39 ಮೀಟರು, ಎರಡು ತಿರುವುಗಳ ಒಳ ಅಂಚಿನ ತ್ರಿಜ್ಯ 36.50 ಮೀಟರು. ಒಳಗಿನ ಹಾದಿಯ ಓಟಗಾರನು ಅಂಚಿನಿಂದ 30 ಸೆಂಟಿಮೀಟರು ಹೊರಗೆ ಓಡುವನೆಂದು ಎಣಿಸಿದರೆ ಒಂದು ಸುತ್ತು ಸರಿಯಾಗಿ 400 ಮೀಟರು. ಪ್ರತಿಯೊಂದು ಹಾದಿಯ ಅಗಲ 1.22 ಮೀಟರು. ಎರಡನೆಯ ಹಾದಿಯಿಂದಾಚೆಗೆ ಒಳಗೆರೆಯಿಂದ 20 ಸೆಂಟಿಮೀಟರು ಬಿಟ್ಟು ಅಳೆಯುತ್ತಾರೆ. ಇದರಂತೆ ಎರಡನೆಯ ಹಾದಿಯ ಓಟಗಾರನು ಒಂದು ಸುತ್ತಿಗೆ 7.04 ಮೀಟರು ಹೆಚ್ಚು ಓಡಬೇಕಾಗುತ್ತದೆ. ಎಂಟನೆಯ ಹಾದಿಯವನು 53.03 ಮೀಟರು ಹೆಚ್ಚು. ಆದುದರಿಂದ ಅಷ್ಟಷ್ಟು ದೂರ ಅವರನ್ನು ಮುಂದಕ್ಕೆ ನಿಲ್ಲಿಸುತ್ತಾರೆ. ನೋಡುವವನ ಕಣ್ಣಿಗೆ ಹೊರಗಿನವನಿಗೆ ಪಕ್ಷಪಾತ ಮಾಡಿದಂತೆ ತೋರುವುದು. ಆದರೆ ನಿಜವಾದ ಸಮತೆ ಇರುವುದು ಈ ಅಸಮವಾಗಿ ಕಾಣುವ ನಿಲುವಿನಲ್ಲಿಯೇ. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವುದು ಎಲ್ಲ ಕಾಲದಲ್ಲಿಯೂ ನ್ಯಾಯವಲ್ಲ ಎಂಬ ಈ ಪಾಠವು ಓಟದ ಅಂಗಣಕ್ಕೆ ಮಾತ್ರ ಸೇರಿದುದಲ್ಲ.

ವ್ಯಾಯಾಮದ ಉಪಾಧ್ಯಾಯರು ಇದನ್ನು ಸ್ಟ್ಯಾಗರ್ ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ಇದಕ್ಕೆ ಮುನ್ನಿಲುವು ಎನ್ನಬಹುದು. ಮುಂದೆ ನಿಲ್ಲಿಸುವ ಕ್ರಿಯೆಯೂ ಅದರ ಅಳತೆಯೂ ಆ ಒಂದು ಮಾತಿನಲ್ಲಿ ಅಡಗುತ್ತವೆ. ವಿದ್ವಾಂಸರು ಪರಿಶೀಲಿಸಬೇಕಾಗಿ ಕೋರಿಕೆ.

ಉಳಿದ ನಿಯಮಗಳೂ ಇದೇ ತತ್ತ್ವದ ಶಾಖೆಗಳು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಮೇಲೆ ಅವುಗಳಿಗೆ ಏಕರೂಪ ಬಂದಿತು. ಯಾರಿಗೆ ಯಾವ ಹಾದಿಯೆಂಬುದನ್ನು ಓಟಗಾರನ ಇಷ್ಟಕ್ಕೆ ಬಿಡದೆ ನಿಯಮದಿಂದ ಗೊತ್ತುಮಾಡುತ್ತಾರೆ. ದೊಡ್ಡ ಕೂಟಗಳಲ್ಲಿ ಸದ್ದಾದ ಮೇಲೆ ಒಂದು ಸೆಕೆಂಡಿನ ಹತ್ತನೆಯ ಭಾಗದೊಳಗೆ ಹೊರಟವನು ಸದ್ದನ್ನು ಕೇಳಿ ಹೊರಟವನಲ್ಲ, ಊಹಿಸಿ ಹೊರಟವನೆಂದು ಯಂತ್ರವೇ ತೋರಿಸುತ್ತದೆ. 2010ರಿಂದೀಚೆಗೆ ಅಂಥ ಒಂದೇ ತಪ್ಪಿಗೆ ಅವನು ಹೊರಗಾಗುತ್ತಾನೆ. ಇನ್ನೂರು ಮೀಟರಿನವರೆಗಿನ ಓಟದಲ್ಲಿ ಬೆನ್ನಗಾಳಿಯು ಸೆಕೆಂಡಿಗೆ 2 ಮೀಟರನ್ನು ಮೀರಿದರೆ ಗೆಲುವು ನಿಲ್ಲುತ್ತದೆ, ದಾಖಲೆ ನಿಲ್ಲುವುದಿಲ್ಲ. ಇದು ಗಮನಾರ್ಹ. ಒಟ್ಟಿಗೆ ಓಡಿದವರಿಗೆಲ್ಲ ಗಾಳಿ ಒಂದೇ ಆದುದರಿಂದ ಅವರೊಳಗಿನ ನ್ಯಾಯಕ್ಕೆ ಭಂಗವಿಲ್ಲ. ಬೇರೆ ಕಾಲದಲ್ಲಿ ಬೇರೆ ನಾಡಿನಲ್ಲಿ ಓಡಿದವರೊಡನೆ ಹೋಲಿಸುವಾಗ ಮಾತ್ರ ಭಂಗ. ಮಲ್ಲರಂಗದ ನಿರ್ಣಾಯಕನು ಎದುರಿಗಿದ್ದ ಇಬ್ಬರಿಗೆ ನ್ಯಾಯ ಹೇಳಿದರೆ ಸಾಕಾಗಿತ್ತು. ಇಂದಿನವನು ಎದುರಿಗಿಲ್ಲದವರಿಗೂ ನ್ಯಾಯ ಹೇಳಬೇಕಾಗಿದೆ.

6

ಈಗ ಈ ಸೀಮೆಯಲ್ಲಿ ಹಳೆಯದೂ ಹೊಸದೂ ಅಕ್ಕಪಕ್ಕದಲ್ಲಿವೆ. ಹೊಸಪೇಟೆಯು 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಹಂಪಿ ಉತ್ಸವದಲ್ಲಿ ಕುಸ್ತಿ, ಗುಂಡು ಎತ್ತುವುದು ಮುಂತಾದ ಪಂದ್ಯಗಳು ನಡೆಯುವುದುಂಟು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ, 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಸಂಸ್ಥೆಯಲ್ಲಿ ಕುಸ್ತಿಯ ಜೊತೆಗೆ ಓಟ, ನೆಗೆತ, ಎಸೆತಗಳ ಶಿಕ್ಷಣವೂ ನಡೆಯುತ್ತಿದೆ. ಒಂದು ಕಡೆ ಹೊಸ ಕಾಲದ ಸಾಧನಗಳು, ಇನ್ನೊಂದು ಕಡೆ ಕೆಮ್ಮಣ್ಣಿನ ಕಣ.

ಆದರೆ ಇವೆರಡರ ನಡುವೆ ಇರುವುದು ಪಾಠಶಾಲೆಯ ಬಯಲು. ನಮ್ಮ ಮಕ್ಕಳಲ್ಲಿ ಬಹುಮಂದಿ ಮೊದಲ ಸಲ ಓಡುವುದು ಅಲ್ಲಿ. ನಿರ್ಣಾಯಕರಾಗಿ ನಿಲ್ಲುವವರು ಅನೇಕವೇಳೆ ಭಾಷೆಯನ್ನೋ ಚರಿತ್ರೆಯನ್ನೋ ಕಲಿಸುವ ಉಪಾಧ್ಯಾಯರು. ಅವರ ಕೈಯಲ್ಲಿ ಗಾಳಿಯ ಮಾಪಕವಿರುವುದಿಲ್ಲ, ಚಿತ್ರ ಹಿಡಿಯುವ ಯಂತ್ರವಿರುವುದಿಲ್ಲ. ಒಂದು ಅಳತೆಯ ಪಟ್ಟಿ, ಒಂದು ಬುಟ್ಟಿ ಸುಣ್ಣದ ಪುಡಿ ಇದ್ದರೆ ಹೆಚ್ಚು. ತಿರುವಿನಲ್ಲಿ ಮುನ್ನಿಲುವನ್ನು ಅಳೆದು ಗೆರೆ ಎಳೆಯುವುದಕ್ಕೆ ಅಷ್ಟೇ ಸಾಕು. ಎಳೆಯದೆ ಬಿಟ್ಟರೆ ಹೊರಹಾದಿಗೆ ಬಿದ್ದ ಬಾಲಕನೋ ಬಾಲಕಿಯೋ ಓಡುವುದಕ್ಕೆ ಮುನ್ನವೇ ಸೋತಂತೆ. ಆ ಸೋಲು ಕಾಲಿನ ದೋಷದಿಂದ ಬಂದುದಲ್ಲ, ಗೆರೆಯ ದೋಷದಿಂದ ಬಂದುದು. ಅದನ್ನು ಮಗುವು ತಿಳಿಯದು. ತಾನು ನಿಧಾನದವನೆಂದೇ ನಂಬಿ ಮನೆಗೆ ಹೋಗುವುದು.

ವಿಜಯನಗರದ ವೈಭವವನ್ನು ನೆನೆಯುವಾಗ ನಾವು ಆನೆ, ಕುದುರೆ, ರೇಷ್ಮೆ, ರತ್ನಗಳನ್ನು ಎಣಿಸುತ್ತೇವೆ. ಅವೆಲ್ಲ 1565ರ ಯುದ್ಧದ ತರುವಾಯ ಆ ನಗರದೊಡನೆಯೇ ಹೋದವು. ಕಣದಲ್ಲಿ ನಿಂತು ಒಬ್ಬೊಬ್ಬನನ್ನೂ ಸರಿಸಮವಾಗಿ ನಿಲ್ಲಿಸುತ್ತಿದ್ದ ಆ ಹೆಸರಿಲ್ಲದ ನಿರ್ಣಾಯಕನ ಕೆಲಸವು ಮಾತ್ರ ಹೋಗಿಲ್ಲ. ಸುಣ್ಣದ ಗೆರೆ ಎಳೆಯುವ ಪ್ರತಿಯೊಬ್ಬ ಉಪಾಧ್ಯಾಯನಿಗೂ ಅದು ಉತ್ತರಾಧಿಕಾರವಾಗಿ ಬಂದಿದೆ.